ಖುಲ್ನಾದಿಂದ ಸುಂದರಬನಕ್ಕೆ ಲಾಂಚ್ ಪ್ರವಾಸ

ಬಾಂಗ್ಲಾದೇಶ ಎಷ್ಟು ತಗ್ಗಿನ ನಾಡು ಅನ್ನೋದು ಈ ಲಾಂಚಿನ ಡೆಕ್ ಮೇಲೆ ಕೂತರೆ ಗೊತ್ತಾಗುತ್ತದೆ. ದಿನಕ್ಕೆರಡು ಸಲ ಭರತ ಬಂದು ದಂಡೆಯ ಕೆಸರೆಲ್ಲ ಮುಳುಗುತ್ತದೆ. ನೀರು ಇಳಿದಾಗ ಸುಂದರಿ ಮರಗಳ ಉಸಿರುಬೇರುಗಳು ಮೊಳೆ ಹೊಡೆದಂತೆ ಎದ್ದು ನಿಲ್ಲುತ್ತವೆ. ಕುಂದಾಪುರದ ಕಾಂಡ್ಲಾ (ಉಪ್ಪುನೀರಿನ ಮ್ಯಾಂಗ್ರೋವ್ ಕಾಡು) ನೋಡಿ ಬೆಳೆದ ನನಗೂ ಇಂಥ ಕಾಡು ಹೊಸದು. ಭಾರತಕ್ಕೂ ಹಬ್ಬಿರುವ ಸುಂದರಬನದಲ್ಲಿ ಬಾಂಗ್ಲಾದ ಪಾಲೇ ಸುಮಾರು 6,000 ಚದರ ಕಿ.ಮೀ.!

2007ರ ಸಿಡ್ರ್ ಚಂಡಮಾರುತದ ಹೊಡೆತವನ್ನು ಈ ಮರಗಳು ಹೇಗೆ ತಗ್ಗಿಸಿದವು, ಬೇಸಿಗೆಯಲ್ಲಿ ಸಿಹಿನೀರಿನ ಹರಿವು ಕುಗ್ಗಿ ಉಪ್ಪು ಹೇಗೆ ಒಳನಾಡಿಗೆ ಏರುತ್ತದೆ ಎಂದು ಗೈಡ್ ತಾಳ್ಮೆಯಿಂದ ಬಿಡಿಸಿ ಹೇಳಿದರು. ಕೊಟ್ಟ ದುಡ್ಡು ಅದಕ್ಕೇ ಸಾರ್ಥಕ. ದಡಕ್ಕಿಳಿದಾಗ ಬಂದೂಕುಧಾರಿ ಅರಣ್ಯ ಕಾವಲುಗಾರರು ಜೊತೆಗಿದ್ದರು. ಇಲಿಶ್ ಮೀನಿನ ಊಟ ರುಚಿ. ಆದರೆ ಪ್ಲಾಸ್ಟಿಕ್ ಬಾಟಲಿ ಹಂಚುವುದನ್ನು ನಿಲ್ಲಿಸಲೇಬೇಕು, ಕ್ಯಾನ್ ನೀರು ಸಾಕು. ಹೋಗುವುದಾದರೆ ಚಳಿಗಾಲದಲ್ಲಿ ಹೋಗಿ.