ಝಿನ್ನೆಬಿರ್, ಡೆ ಕೋನಿಂಕ್, ಒರ್ವಾಲ್: ಕೋಳಿ ಸಾರಿನ ಜೊತೆ ಯಾವ ಬಿಯರ್ ಸರಿ?

ಬೆಲ್ಜಿಯಂ ಬಿಯರ್ ಅಂದ ಕೂಡಲೇ ಬೆಂಗಳೂರಿನ ಬ್ರೂಪಬ್ ಗಿರಾಕಿಗಳಿಗೆ ನೆನಪಾಗುವುದು ವಿಟ್. ಕಿತ್ತಳೆ ಸಿಪ್ಪೆ, ಕೊತ್ತಂಬರಿ ಬೀಜ ಹಾಕಿದ ಆ ಮಬ್ಬು ಗೋಧಿ ಬಿಯರ್. ಅಲ್ಲಿನ ಪೇಲ್ ಏಲ್, ಅಂದರೆ ಬಂಗಾರದಿಂದ ತಾಮ್ರದವರೆಗಿನ ಬಣ್ಣದ ಬಿಯರ್, ಬೇರೆಯೇ ಜಾತಿ. ಬಾರ್ಲಿ ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಕಾಳು) ಮತ್ತು ಹಾಪ್ಸ್ (ಕಹಿ, ಘಮ ಕೊಡುವ ಹೂವು) ಮೇಲೆ ನಿಂತದ್ದು, ಮುಖ್ಯವಾಗಿ ಯೀಸ್ಟಿನ ಆಟ. ಮೂರು ಬ್ರೂವರಿಗಳ ಮೂರು ಪೇಲ್ ಏಲ್‌ಗಳನ್ನು ಮೊದಲು ಬರೀ ಬಾಯಿಗೆ, ಆಮೇಲೆ ನಮ್ಮ ಖಾರದ ಜೊತೆ ಕುಡಿದು ನೋಡಿದೆ. ಎರಡು ಸಲವೂ ಗೆದ್ದದ್ದು ಒಂದೇ ಅಲ್ಲ.

ಝಿನ್ನೆಬಿರ್ ಬ್ರಸೆಲ್ಸ್‌ನ ಬ್ರಾಸರಿ ಡೆ ಲಾ ಸೆನ್ ಅವರದು. ಮೂರರಲ್ಲಿ ಕ್ರಾಫ್ಟ್ (ಸಣ್ಣ, ಸ್ವತಂತ್ರ ಬ್ರೂವರಿಯ ಬಿಯರ್) ಅಂತ ಧೈರ್ಯವಾಗಿ ಕರೆಯಬಹುದಾದದ್ದು ಇದೇ. ಆಲ್ಕೋಹಾಲ್ ಶೇಕಡಾ 6ರ ಆಸುಪಾಸು. ಸೋಸಿಲ್ಲ, ಹಾಗಾಗಿ ಬಂಗಾರದ ಬಣ್ಣದಲ್ಲಿ ಸ್ವಲ್ಪ ಮಬ್ಬು. ಮೂಗಿಗೆ ಮೊದಲು ಹಣ್ಣಿನ ವಾಸನೆ ಬರುತ್ತದೆ. ಸಿಹಿ ಇರಬಹುದು ಅಂದುಕೊಂಡು ಗುಟುಕು ಹಾಕಿದರೆ ಇಲ್ಲ, ನಾಲಗೆಯ ಹಿಂದೆ ಖಡಕ್ ಕಹಿ. ಹಾಪ್ಸ್ ಜಾಸ್ತಿ ಹಾಕಿದ ಅಮೆರಿಕದ ಐಪಿಎ ಬಿಯರ್ ಥರ ಮುಖಕ್ಕೆ ರಾಚುವ ಕಹಿ ಅಲ್ಲ, ಒಣಗಿದ ಕಹಿ, ಅಂದರೆ ಸಿಹಿಯ ಸುಳಿವಿಲ್ಲದ್ದು. ಮುಂದಿನ ಗುಟುಕು ತಾನಾಗಿಯೇ ಕೇಳುತ್ತದೆ. ಬೆಲ್ಜಿಯಂ ಪೇಲ್ ಏಲ್ ಮೊದಲ ಸಲ ಕುಡಿಯುವವರಿಗೆ ನಾನು ಕೊಡುವುದು ಇದನ್ನೇ.

ಡೆ ಕೋನಿಂಕ್ ಆಂಟ್ವರ್ಪ್ ಊರಿನದು, ಬ್ರೂವರಿ ಶುರುವಾದದ್ದು 1833ರಲ್ಲಿ. 2010ರಿಂದ ಡುವೆಲ್ ಬಿಯರ್ ಮಾಡುವ ಮೋರ್ಟ್‌ಗಾಟ್ ಕಂಪನಿಯ ಕೈಯಲ್ಲಿದೆ. ಕ್ರಾಫ್ಟ್ ಅನ್ನುವುದು ಕಷ್ಟ, ಆದರೆ ಈ ಶೈಲಿಯ ಹಳೆ ಮುಖ ನೋಡಬೇಕಾದರೆ ಇದನ್ನು ಬಿಡೋ ಹಾಗಿಲ್ಲ. ಬಣ್ಣ ತಾಮ್ರದ್ದು, ಆಲ್ಕೋಹಾಲ್ ಶೇಕಡಾ 5.2. ಊರವರು ಬಾರಿನಲ್ಲಿ ಹೆಸರನ್ನೂ ಹೇಳುವುದಿಲ್ಲ, ‘ಬೊಲ್ಲೆಕೆ’ ಅಂದರೆ ಸಾಕು. ಅದು ಕಾಲಿರುವ ದುಂಡನೆ ಗ್ಲಾಸು, ಅದರಲ್ಲಿ ಇದು ಬರುತ್ತದೆ. ಮಾಲ್ಟ್ ರುಚಿ ಮುಂದೆ, ಕಹಿ ತೀರಾ ಹಿಂದೆ. ಬರೀ ಬಾಯಿಗೆ ನನಗೆ ಸ್ವಲ್ಪ ಸಪ್ಪೆ ಅನಿಸಿತು. ಟ್ಯಾಪಿನದು ಬಾಟಲಿಗಿಂತ ಎಷ್ಟೋ ವಾಸಿ.

ಒರ್ವಾಲ್‌ಗೆ ಬಂದರೆ ಮಾತು ಜಾಸ್ತಿಯೇ ಬೇಕು. ದಕ್ಷಿಣ ಬೆಲ್ಜಿಯಂನಲ್ಲಿ, ಫ್ರಾನ್ಸ್ ಗಡಿ ಹತ್ತಿರದ ಕ್ರೈಸ್ತ ಮಠದ ಬ್ರೂವರಿ, 1931ರದು. ಹೊರಗೆ ಮಾರುವುದು ಇದೊಂದೇ ಬಿಯರ್, ಶೇಕಡಾ 6.2. ಬಾಟಲಿಗೆ ತುಂಬುವಾಗ ಬ್ರೆಟನೊಮೈಸಿಸ್ ಅನ್ನೋ ಕಾಡು ಯೀಸ್ಟ್ ಸೇರಿಸುತ್ತಾರೆ. ಮಾಮೂಲಿ ಯೀಸ್ಟ್ ಕೈಬಿಟ್ಟ ಸಕ್ಕರೆಯನ್ನೂ ಅದು ತಿಂಗಳುಗಟ್ಟಲೆ ಕೂತು ತಿನ್ನುತ್ತದೆ. ಲೇಬಲ್ ಮೇಲೆ ಬಾಟಲಿ ತುಂಬಿದ ದಿನಾಂಕ ಇರುತ್ತದೆ, ಅದನ್ನು ನೋಡದೆ ಕೊಳ್ಳಬೇಡಿ. ಹೊಸದರಲ್ಲಿ ಹಾಪ್ಸಿನ ಹೂವಿನ ಘಮ, ನೇರವಾದ ಕಹಿ. ವರ್ಷ ತುಂಬಿದ್ದನ್ನು ತೆರೆದರೆ ಆ ಘಮ ಇಳಿದಿರುತ್ತದೆ. ಬದಲಿಗೆ ಚರ್ಮ, ಒಣಹುಲ್ಲು, ಮಳೆಗಾಲದ ದನದ ಕೊಟ್ಟಿಗೆಯ ವಾಸನೆ. ನನ್ನ ಜೊತೆಗಿದ್ದ ಗೆಳೆಯ ಮೂಗು ಹಿಂಡಿ ಗ್ಲಾಸನ್ನು ನನ್ನ ಕಡೆ ತಳ್ಳಿದ. ಒಳ್ಳೆಯದೇ ಆಯ್ತು! ಬಾಯಲ್ಲಿ ಪೂರ್ತಿ ಒಣ, ಸಣ್ಣ ಹುಳಿ, ಕೊನೆಗೆ ಒಗರು. ಗ್ಯಾಸು ಜೋರಿರುತ್ತದೆ, ನೊರೆ ಉಕ್ಕದಂತೆ ಗ್ಲಾಸು ವಾಲಿಸಿ ನಿಧಾನಕ್ಕೆ ಸುರಿಯಬೇಕು. ತಳದ ಗಷ್ಟು ಬಾಟಲಿಯಲ್ಲೇ ಉಳಿಯಲಿ. ಫ್ರಿಜ್‌ನಿಂದ ತೆಗೆದ ಕೂಡಲೇ ಕುಡಿದರೆ ಈ ಯಾವುದೂ ಗೊತ್ತಾಗಲ್ಲ, ಸ್ವಲ್ಪ ಹೊತ್ತು ಹೊರಗಿಡಿ. ಬರೀ ಬಾಯಿಗೆ ಕುಡಿಯುವುದಾದರೆ ಮೂರರಲ್ಲಿ ಇದೇ ಮೊದಲು, ಅದರಲ್ಲೂ ವರ್ಷ ಕಳೆದದ್ದು.

ಆಮೇಲೆ ಕೋಳಿ ಸಾರು ಬಂತು. ಹಾಪ್ಸಿನ ಕಹಿ ಮೆಣಸಿನಕಾಯಿಯ ಉರಿಯನ್ನು ಇನ್ನೂ ಕೆದಕುತ್ತದೆ. ಒರ್ವಾಲ್ ಇಲ್ಲಿ ನೇರವಾಗಿ ಸೋತಿತು: ಒಣ ಬಾಯಿ, ಕಹಿ, ಜೊತೆಗೆ ಜೋರು ಗ್ಯಾಸು, ನಾಲಗೆ ಧಗಧಗ. ಝಿನ್ನೆಬಿರ್ ಒಂದೆರಡು ತುತ್ತು ತಡೆಯಿತು. ಕೋಡುಬಳೆ, ನಿಪ್ಪಟ್ಟು ನೆಂಚಿಕೊಳ್ಳೋಕೆ ಅದು ಸರಿ, ಸಾರಿಗಲ್ಲ. ಸಪ್ಪೆ ಅಂದಿದ್ದೆನಲ್ಲ, ಆ ಡೆ ಕೋನಿಂಕ್ ಮಾತ್ರ ಸಲೀಸಾಗಿ ಹೋಯಿತು. ಅದರ ಮಾಲ್ಟಿನ ಸಣ್ಣ ಸಿಹಿ ಖಾರವನ್ನು ತಣಿಸಿತು, ಹುರಿದ ಮಸಾಲೆಗೂ ಹೊಂದಿಕೊಂಡಿತು. ಅಂದು ಊಟದ ಜೊತೆ ಖಾಲಿಯಾದ ಗ್ಲಾಸು ಅದೊಂದೇ.

ಮನೆಗೆ ಒಂದೇ ಬಾಟಲಿ ತರುವುದಾದರೆ ಅಡುಗೆ ಏನು ಅಂತ ಮೊದಲು ಕೇಳಿ. ಖಾರ ಇದ್ದರೆ ಡೆ ಕೋನಿಂಕ್, ಬರೀ ಕುರುಕಲು ಆದರೆ ಝಿನ್ನೆಬಿರ್. ಒರ್ವಾಲ್ ಆದರೆ ಎರಡು ತನ್ನಿ, ಒಂದನ್ನು ಕತ್ತಲಿರುವ ಕಪಾಟಿನಲ್ಲಿ ನಿಲ್ಲಿಸಿಟ್ಟು ಬರುವ ವರ್ಷ ತೆರೆಯಿರಿ.