ಕೊಳದ ಪಾಚಿಗೆ ಯುವಿ ದೀಪವೋ, ಮೈಲುತುತ್ತವೋ, ನೈದಿಲೆಯೋ

ವಿಜಯಪುರದ ಬಿಸಿಲು, ಗಡಸಾದ ಬೋರ್ ನೀರು ಎರಡೂ ಕೂಡಿದ ಕೈತೋಟದ ಕೊಳದಲ್ಲಿ ಪಾಚಿ ತಡೆಯಲು ನೈದಿಲೆಯೇ ಸೈ. ನೇರಳಾತೀತ ಕಿರಣದಿಂದ ಪಾಚಿ ಕೊಲ್ಲುವ ಯುವಿ ದೀಪ ಅದರ ಬೆನ್ನಿಗೆ ಬೇಕಾದರೆ ಇರಲಿ. ಮೈಲುತುತ್ತ (ಕಾಪರ್ ಸಲ್ಫೇಟ್) ಬೇಡವೇ ಬೇಡ. 8 ಅಡಿ ಉದ್ದ, 5 ಅಡಿ ಅಗಲ, 2 ಅಡಿ ಆಳದ, ಅಂದರೆ ಸುಮಾರು 2,260 ಲೀಟರಿನ ಕೊಳದಲ್ಲಿ ಮೂರನ್ನೂ ಬಳಸಿ ಹೇಳುವ ಮಾತಿದು.

ಯುವಿ ದೀಪದ ತಕರಾರು ಅದರ ಗಾಜಿನಲ್ಲಿದೆ. ಬಲ್ಬಿನ ಸುತ್ತಲಿನ ಕ್ವಾರ್ಟ್ಜ್ ಕೊಳವೆಯ ಮೇಲೆ, ನೀರು ಕಾಸುವ ಪಾತ್ರೆಯ ತಳದಲ್ಲಿ ಕಟ್ಟುವಂಥದ್ದೇ ಬಿಳಿ ಉಪ್ಪು ಕಟ್ಟುತ್ತದೆ. ದೀಪ ಉರಿಯುತ್ತಲೇ ಇರುತ್ತದೆ, ಕಿರಣ ಮಾತ್ರ ನೀರಿಗೆ ದಾಟುವುದಿಲ್ಲ. ಬೇಸಿಗೆಯಲ್ಲಿ ನೀರು ಆರಿದಷ್ಟೂ ಮತ್ತೆ ಬೋರ್ ನೀರನ್ನೇ ಬಿಡುವುದರಿಂದ ಗಡಸುತನ ಏರುತ್ತಲೇ ಹೋಗುತ್ತದೆ.

ಬಲ್ಬು ಹೋಯಿತೆಂದು ಹೊಸದು ತರುವ ಮೊದಲು ಕೊಳವೆ ಬಿಚ್ಚಿ ನೋಡಿ. ಪ್ಲಗ್ ಕಿತ್ತು, ಗಾಜನ್ನು ನಿಂಬೆ ಉಪ್ಪಿನ (ಸಿಟ್ರಿಕ್ ಆಸಿಡ್) ನೀರಿನಲ್ಲಿ ಅರ್ಧ ತಾಸು ನೆನೆಸಿ, ಮೆತ್ತನೆ ಬಟ್ಟೆಯಿಂದ ಒರೆಸಿ. ತಂತಿಯಿಂದ ಉಜ್ಜಿದರೆ ಗೀರು ಬೀಳುತ್ತದೆ. ತಿರುಗಿ ಕೂಡಿಸುವಾಗ ರಬ್ಬರ್ ರಿಂಗ್ ಸೊಟ್ಟಗಾದರೆ ನೀರು ಬಲ್ಬಿನ ಬುಡಕ್ಕೇ ಇಳಿಯುತ್ತದೆ. ಬೇಸಿಗೆಯಲ್ಲಿ ಹದಿನೈದು ದಿನಕ್ಕೊಮ್ಮೆ ಈ ಪೂಜೆ ತಪ್ಪದು. ಇಷ್ಟೆಲ್ಲ ಮಾಡಿದರೂ ಹೋಗುವುದು ನೀರಿನಲ್ಲಿ ತೇಲುವ ಹಸಿರು ಮಾತ್ರ. ಕಲ್ಲಿಗಂಟಿದ ದಾರದಂಥ ಪಾಚಿ ದೀಪದ ಹತ್ತಿರವೇ ಸುಳಿಯುವುದಿಲ್ಲ. ಅದನ್ನು ಕೋಲಿಗೆ ಸುತ್ತಿ ಎಳೆಯಬೇಕು.

ಮೈಲುತುತ್ತ ಗಡಸು ನೀರಿನಲ್ಲಿ ತಳಕ್ಕಿಳಿದು ಸಪ್ಪೆಯಾಗುತ್ತದೆ. ಸಾಲಲಿಲ್ಲವೆಂದು ಇನ್ನಷ್ಟು ಹಾಕಿದರೆ ಮೀನಿಗೇ ಕುತ್ತು. ಸತ್ತ ಪಾಚಿ ಕೊಳೆತು ಆಮ್ಲಜನಕ ತಿನ್ನುತ್ತದೆ; ನಸುಕಿನಲ್ಲಿ ಮೀನುಗಳು ಮೇಲೆ ಬಂದು ಬಾಯಿ ಬಿಡುತ್ತವೆ.

ನೈದಿಲೆಗೆ ಅಗಲ ಬಾಯಿಯ ಪ್ಲಾಸ್ಟಿಕ್ ಬುಟ್ಟಿ, ನಮ್ಮ ಎರಿ ಮಣ್ಣು, ಮೇಲೆ ಎರಡು ಇಂಚು ಗರಸು ಸಾಕು. ಗರಸಿಲ್ಲದಿದ್ದರೆ ಮೀನು ಮಣ್ಣು ಕೆದರಿ ನೀರು ರಾಡಿ ಮಾಡುತ್ತದೆ. ಹಸಿ ಸಗಣಿ ಹಾಕಿದಿರೋ, ಪಾಚಿಗೇ ಉಣಬಡಿಸಿದಂತೆ. ಪಾಚಿಯನ್ನು ತಡೆಯುವುದು ಎಲೆಯ ನೆರಳು; ಎಲೆ ಅರ್ಧಕ್ಕಿಂತ ಹೆಚ್ಚು ನೀರು ಮುಚ್ಚಲು ಎರಡು ತಿಂಗಳಾದರೂ ಬೇಕು. ಅಲ್ಲಿವರೆಗೆ ಹಸಿರು ನೆರಳಿನ ಬಲೆ ಕಟ್ಟಿ, ಮೀನಿನ ಕಾಳು ಎರಡು ನಿಮಿಷದಲ್ಲಿ ಮುಗಿಯುವಷ್ಟೇ ಹಾಕಿ. ನೀರು ಹಸಿರಾಯಿತೆಂದು ಪೂರ್ತಿ ಖಾಲಿ ಮಾಡಬೇಡಿ, ಹೊಸ ನೀರಿನ ಜತೆ ಪಾಚಿಯ ಆಹಾರವೂ ಬರುತ್ತದೆ.

ಕೊಳದ ಅಂಚು ಪಕ್ಕದ ಗಿಡದ ಮಡಿಗಿಂತ ನಾಲ್ಕು ಇಂಚು ಎತ್ತರವಿರಲಿ. ಇಲ್ಲದಿದ್ದರೆ ಮೊದಲ ಮಳೆಗೇ ಮಡಿಗೆ ಹಾಕಿದ ಯೂರಿಯಾ ಕೊಳಕ್ಕೆ ಹರಿಯುತ್ತದೆ.

ದೀಪಕ್ಕೆ ಕರೆಂಟು, ವರ್ಷಕ್ಕೊಂದು ಬಲ್ಬು ಬೇಕು. ನೈದಿಲೆಗೆ ವಾರಕ್ಕೊಮ್ಮೆ ಹಳದಿ ಎಲೆ ಕತ್ತರಿಸುವ ಕೈ ಬೇಕು, ಅಷ್ಟೇ.