ಯಶಸ್ವಿನಿಯೋ, ಆರೋಗ್ಯ ಕರ್ನಾಟಕವೋ?

ಬಿಪಿಎಲ್ ಕಾರ್ಡ್ ಇದ್ದರೆ ಮೊದಲು ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಎಂಬ ಸರ್ಕಾರಿ ಆರೋಗ್ಯ ಯೋಜನೆಯನ್ನೇ ನೋಡಿ. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ, ವಂತಿಗೆ ಇಲ್ಲ. ಎಪಿಎಲ್‌ನವರ ಕಥೆ ಬೇರೆ: ಪ್ಯಾಕೇಜ್ ದರದ (ಆಯಾ ಚಿಕಿತ್ಸೆಗೆ ಯೋಜನೆಯಲ್ಲಿ ನಿಗದಿಯಾದ ದರ) ಶೇ. 30 ಮಾತ್ರ ಸರ್ಕಾರದ್ದು, ಅದೂ ವರ್ಷಕ್ಕೆ 1.5 ಲಕ್ಷದ ಮಿತಿಯಲ್ಲಿ. ದೊಡ್ಡ ಆಪರೇಷನ್ ಬಂದರೆ ಉಳಿದ ಶೇ. 70 ಕೈಯಿಂದಲೇ ಹೋಗುತ್ತದೆ, ಕಷ್ಟ ಅಲ್ವಾ?

ಅಂಥ ಮನೆಯವರು ಸಹಕಾರ ಸಂಘದ ಸದಸ್ಯರಾಗಿದ್ದರೆ ಆ ಸದಸ್ಯರಿಗೆಂದೇ ಇರುವ ಯಶಸ್ವಿನಿ ಆರೋಗ್ಯ ಯೋಜನೆಯೇ ವಾಸಿ. 2018ರಲ್ಲಿ ನಿಂತು, 2022ರಲ್ಲಿ ಮತ್ತೆ ಶುರುವಾದಾಗ ಹಳ್ಳಿಯ ನಾಲ್ಕು ಜನರ ಕುಟುಂಬಕ್ಕೆ ವರ್ಷಕ್ಕೆ 500 ರೂಪಾಯಿ, ಪೇಟೆಯವರಿಗೆ 1,000. ಇಲ್ಲೂ ಮಿತಿ 5 ಲಕ್ಷ. ಆದರೆ ನೋಂದಣಿಗೆ ಗಡುವು ಇರುತ್ತದೆ, ಸಂಘದಲ್ಲಿ ಈಗಲೇ ಕೇಳಿಡಿ.

ಆರೋಗ್ಯ ಕರ್ನಾಟಕದಲ್ಲಿ ಖಾಸಗಿ ಆಸ್ಪತ್ರೆಗೆ ಸಾಮಾನ್ಯವಾಗಿ ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕು. ತುರ್ತು ಇದ್ದರೆ ನೇರ ಹೋಗಬಹುದು.